ಮಾರಿದ ಮೇಲಿನ ಅನುಶಯ

ಒಂದು ಕೈಗಡಿಯಾರ ಮಾರಿದೆ. ಕೊಂಡವರು ತಕರಾರು ತೆಗೆದರು. ತಕರಾರಿನಲ್ಲಿ ನಾನು ಗೆದ್ದೆ. ಗೆದ್ದು ಐದು ವಾರ ಕಳೆದ ಮೇಲೆ ಅವರು ಹೇಳಿದ್ದೇ ನಿಜ ಎಂದು ಗೊತ್ತಾಯಿತು. ಅಷ್ಟು ಹೊತ್ತಿಗೆ ಹರಾಜು ತಾಣದ ಲೆಕ್ಕದಲ್ಲಿ ವ್ಯವಹಾರ ಮುಗಿದಿತ್ತು, ಹಣ ನನ್ನ ಖಾತೆಗೆ ಬಂದಿತ್ತು, ಅವರು ಕೊಟ್ಟಿದ್ದ ಒಂದು ನಕ್ಷತ್ರವನ್ನು ತಾಣದವರೇ ಅಳಿಸಿಹಾಕಿದ್ದರು. ಮೊತ್ತ ಮೂರು ಸಾವಿರದ ನೂರೈವತ್ತು ರೂಪಾಯಿ. ಇನ್ನೂ ದೊಡ್ಡ ಮೊತ್ತವಾಗಿದ್ದರೆ ವಿಷಯ ವಕೀಲರ ಕೈಗೆ ಹೋಗುತ್ತಿತ್ತೇನೋ. ಸಣ್ಣದಾದ್ದರಿಂದ ನನ್ನ ಬಳಿಯೇ ಉಳಿಯಿತು.

ಹಳೆಯ ಎಚ್‌ಎಂಟಿ ಗಡಿಯಾರಗಳನ್ನು ಕೊಂಡು, ರಿಪೇರಿ ಮಾಡಿಸಿ, ಆನ್‌ಲೈನ್ ಹರಾಜಿಗೆ ಇಡುವುದು ನನಗೆ ಹೊಟ್ಟೆಪಾಡಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ಶುಕ್ರವಾರ ಬೆಳಗಿನ ಜಾವ ಜುಮ್ಮಾ ಬಜಾರಿಗೆ ಹೋಗಿ, ಹಳೆಯ ಸಾಮಾನಿನ ನಡುವೆ ನಮ್ಮ ಬೆಂಗಳೂರಿನ ಗಡಿಯಾರ ಕಂಡು ಖುಷಿಯಾಗಿ ಕೊಂಡದ್ದು ಅಭ್ಯಾಸವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಆ ಗಡಿಯಾರದ ಉದ್ಯಮವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಕೊನೆಗಾಲದಲ್ಲಿ ಬೇಡಿಕೆ ಕುಗ್ಗಿದ್ದ ಜನತಾ, ಪೈಲಟ್, ಸೋನಾಗಳಿಗೆ ಆಮೇಲೆ ಬೆಲೆ ಬಂತು. ಬೆಲೆ ಬಂದಲ್ಲಿಗೆ ಬಣ್ಣ ಬಳಿಯುವವರೂ ಬಂದರು.

ಬಣ್ಣ ಬಳಿಯುವುದು ಅಂದರೆ ನಿಜವಾಗಿಯೂ ಬಣ್ಣ ಬಳಿಯುವುದೇ. ಹಳೆಯ ಗಡಿಯಾರದ ಡಯಲ್ ಕಲೆ ಹಿಡಿದಿರುತ್ತದೆ, ತೇವದಿಂದ ಬೊಕ್ಕೆ ಎದ್ದಿರುತ್ತದೆ. ಅದನ್ನು ಒರೆಸಿ, ಹೊಸ ಬಣ್ಣ ಕೊಟ್ಟು, ಅಂಕಿ ಅಕ್ಷರಗಳನ್ನು ಮತ್ತೆ ಅಚ್ಚು ಹಾಕುತ್ತಾರೆ. ಇದಕ್ಕೆ ರೀಡಯಲ್ ಎಂದು ಹೆಸರು. ಭಾರತದಿಂದ ಹೋಗುವ ಇಂಥ ಥಳಕಿನ ಗಡಿಯಾರಗಳನ್ನು ಹೊರದೇಶದ ಸಂಗ್ರಾಹಕರು ‘ಮುಂಬಯಿ ಸ್ಪೆಷಲ್’ ಎಂದು ಕರೆಯುತ್ತಾರೆ. ನಮ್ಮ ಊರಿಗೆ ಬಂದ ಕೀರ್ತಿ! ರೀಡಯಲ್ ಮಾಡಿಸುವುದು ತಪ್ಪಲ್ಲ. ಕೆಲವರಿಗೆ ಅದೇ ಇಷ್ಟ. ಆದರೆ ಸಂಗ್ರಹಿಸುವವರಿಗೆ ಮೂಲ ಡಯಲ್ ಬೇಕು, ಅದು ಮಾಸಿದ್ದರೂ ಸರಿ. ಒಂದೇ ಮಷಿನು, ಒಂದೇ ಕೇಸು. ಡಯಲ್ ಮೂಲದ್ದಾದರೆ ಒಂದು ಬೆಲೆ, ಅಲ್ಲದಿದ್ದರೆ ಅದರ ಮೂರನೇ ಒಂದು ಭಾಗ.

ನಾನು ಮಾರಿದ್ದು ಪೈಲಟ್. ಕಪ್ಪು ಡಯಲ್, ಬಿಳಿ ಅಂಕಿಗಳು. ವಿವರಣೆಯಲ್ಲಿ ‘ಒರಿಜಿನಲ್ ಡಯಲ್’ ಎಂದು ಬರೆದಿದ್ದೆ. ಹಾಗೆಂದು ನಂಬಿಯೇ ಬರೆದಿದ್ದೆ. ಕೊಂಡವರು ಹಾಸನದ ಕಡೆಯವರು, ನಿವೃತ್ತ ಮೇಷ್ಟ್ರು. ತಲುಪಿದ ಮೂರನೇ ದಿನ ಸಂದೇಶ ಬಂತು. ಮಿನಿಟಿನ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂತಿಲ್ಲ, ಅಕ್ಷರ ದಪ್ಪವಾಗಿದೆ, ತಮ್ಮ ಬಳಿ ಇರುವ ಇನ್ನೊಂದು ಪೈಲಟ್‌ನ ಪಕ್ಕ ಇಟ್ಟು ನೋಡಿದೆ ಎಂದು ಬರೆದಿದ್ದರು. ನಾನು ಸ್ವಲ್ಪ ಬಿಗುವಾಗಿಯೇ ಉತ್ತರಿಸಿದೆ. ಅದಕ್ಕೆ ಅವರು ಬರೆದದ್ದು ಹೀಗೆ: “ಸರ್, ನೀವು ಸುಳ್ಳು ಹೇಳಿದಿರಿ ಅಂತ ನಾನು ಹೇಳುತ್ತಿಲ್ಲ. ಡಯಲ್ ಒರಿಜಿನಲ್ ಅಲ್ಲ ಅಂತ ಹೇಳುತ್ತಿದ್ದೇನೆ.”

ಎರಡೂ ಬೇರೆ ಬೇರೆ ಮಾತು. ಆದರೆ ಅಂದು ನನ್ನ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿತು. ಅದಕ್ಕೊಂದು ಹಿನ್ನೆಲೆ ಇದೆ. ಆ ಹಿಂದಿನ ವರ್ಷ ಒಬ್ಬರು ನನ್ನಿಂದ ಜನತಾ ಕೊಂಡು, ‘ನಿಲ್ಲುತ್ತಿದೆ’ ಎಂದು ವಾಪಸು ಕಳಿಸಿದರು. ಬಿಚ್ಚಿ ನೋಡಿದರೆ ಕೇಸು ನನ್ನದು, ಒಳಗಿನ ಮಷಿನು ನನ್ನದಲ್ಲ. ನಾನು ಕಳಿಸುವ ಮೊದಲು ತೆಗೆದ ಫೋಟೋದಲ್ಲಿ ಮಷಿನು ಲಕಲಕ ಹೊಳೆಯುತ್ತಿತ್ತು. ವಾಪಸು ಬಂದದ್ದರಲ್ಲಿ ತುಕ್ಕಿನ ಕಲೆ. ಅದೇ ಗಡಿಯಾರದ ಫೋಟೋ ಎನ್ನುವುದಕ್ಕೆ ಏನು ಸಾಕ್ಷಿ ಎಂದು ತಾಣದವರು ಕೇಳಿದರು. ಸಾಕ್ಷಿ ಇರಲಿಲ್ಲ. ಪೂರ್ತಿ ಹಣ ಹಿಂದಿರುಗಿಸಬೇಕಾಯಿತು, ಎರಡೂ ಕಡೆಯ ಅಂಚೆಯ ಖರ್ಚೂ ನನ್ನದೇ. ಅಂದಿನಿಂದ ನಾನು ಪ್ಯಾಕ್ ಮಾಡುವುದನ್ನೂ ವಿಡಿಯೊ ಮಾಡುತ್ತೇನೆ. ಕೊಂಡವರು ಬಿಚ್ಚುವುದನ್ನು ವಿಡಿಯೊ ಮಾಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಗೃಹಸ್ಥರು, ಒಬ್ಬನು ಮುಂಬಯಿಯಲ್ಲಿ ಒಬ್ಬನು ಹಾಸನದಲ್ಲಿ, ಒಂದೇ ರಟ್ಟಿನ ಪೆಟ್ಟಿಗೆಯ ಮೇಲೆ ಕ್ಯಾಮೆರಾ ಹಿಡಿದು ಕೂತಿರುವುದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಮೋಸ ಹೋದವನಿಗೆ ಮೋಸಕ್ಕಿಂತ ದೊಡ್ಡ ನಷ್ಟ ಇದೇ ಎಂದು ನನಗೆ ಅನ್ನಿಸುತ್ತದೆ: ಮುಂದೆ ಬರುವ ಪ್ರತಿ ದೂರಿನಲ್ಲೂ ಹಿಂದಿನವನ ಮುಖವೇ ಕಾಣುತ್ತದೆ. ಮೇಷ್ಟ್ರು ತಕರಾರು ದಾಖಲಿಸಿದರು. ನಾನು ಹತ್ತು ಫೋಟೋ, ಎರಡು ವಿಡಿಯೊ ಕಳಿಸಿದೆ. ಜೊತೆಗೆ, ಡಯಲ್ ಮೂಲದ್ದಲ್ಲ ಎನ್ನುವವರು ಗಡಿಯಾರ ರಿಪೇರಿ ಮಾಡುವ ಪರಿಣತರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿ ಕೊಡಲಿ ಎಂದು ಸೂಚಿಸಿದೆ. ತಾಣದವರು ಒಪ್ಪಿ ಅವರಿಗೆ ಐದು ದಿನ ಕೊಟ್ಟರು. ಸಣ್ಣ ಊರಿನಲ್ಲಿ ಗಡಿಯಾರ ರಿಪೇರಿಯವನಿಗೆ ಲೆಟರ್‌ಹೆಡ್ ಎಲ್ಲಿಂದ ಬರಬೇಕು? ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಸೂಚಿಸಿದ್ದೆ. ಐದು ದಿನ ಕಳೆಯಿತು, ಕಡತ ಮುಚ್ಚಿತು.

ಐದು ವಾರದ ಮೇಲೆ, ಅದೇ ಬಜಾರಿನಲ್ಲಿ ಅದೇ ಗಂಟಿನಲ್ಲಿ ಕೊಂಡಿದ್ದ ಇನ್ನೊಂದು ಪೈಲಟ್ ತೆಗೆದುಕೊಂಡು ದಾದರಿನ ನನ್ನ ಗಡಿಯಾರದ ಕಾಕಾ ಬಳಿ ಹೋದೆ. ಅವರು ಕಣ್ಣಿಗೆ ಲೂಪ್ ಏರಿಸಿ ನೋಡಿ, ಒಳ್ಳೆಯ ಕೈ ಇದು, ರೀಡಯಲ್ ಅಂತ ಸುಲಭಕ್ಕೆ ಗೊತ್ತಾಗುವುದಿಲ್ಲ ಎಂದು ಮೆಚ್ಚಿಕೊಂಡೇ ಹೇಳಿದರು. ಏಳರ ಅಂಕಿಯ ಬಾಲ ಎಲ್ಲಿ ಜಾರಿದೆ ಎಂದು ತೋರಿಸಿದರು. ಮನೆಗೆ ಬಂದು, ತಕರಾರಿನಲ್ಲಿ ನನ್ನ ಪರವಾಗಿ ಕಳಿಸಿದ್ದ ಅದೇ ಫೋಟೋಗಳನ್ನು ಹಿಗ್ಗಿಸಿ ನೋಡಿದೆ. ಅದೇ ಏಳು. ಅದೇ ಬಾಲ.

ಈಗ ಪ್ರಶ್ನೆ. ನಾನು ಸುಳ್ಳು ಹೇಳಿರಲಿಲ್ಲ. ಗೊತ್ತಿಲ್ಲದೆ ತಪ್ಪು ಹೇಳಿದ್ದೆ. ಗೊತ್ತಿಲ್ಲದವನು ಎಷ್ಟಕ್ಕೆ ಬಾಧ್ಯ?

ಗೊತ್ತಿದ್ದೂ ಹೇಳದವನ ಬಗ್ಗೆ ಚರ್ಚೆ ತುಂಬ ಹಳೆಯದು. ಕ್ರಿ.ಪೂ. 44ರಲ್ಲಿ ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಬರುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅವನ ಹಡಗು ಮೊದಲು ತಲುಪಿದೆ. ಹಿಂದೆ ಇನ್ನೂ ಹಡಗುಗಳು ಬರುತ್ತಿವೆ ಎಂಬುದು ಅವನಿಗೆ ಗೊತ್ತು, ಊರಿನವರಿಗೆ ಗೊತ್ತಿಲ್ಲ. ಹೇಳಬೇಕೇ? ಹೇಳಬೇಕು ಎನ್ನುತ್ತಾನೆ ಆಂಟಿಪೇಟರ್. ಕಾನೂನು ಕೇಳಿದಷ್ಟು ಹೇಳಿದರೆ ಸಾಕು ಎನ್ನುತ್ತಾನೆ ಡಯೊಜಿನಿಸ್. ಓದಲು ಚೆನ್ನಾಗಿದೆ, ಆದರೆ ನನ್ನ ಕಷ್ಟ ಅದಲ್ಲ. ನನ್ನ ಹಿಂದೆ ಯಾವ ಹಡಗು ಬರುತ್ತಿದೆ ಎಂದು ನನಗೇ ಗೊತ್ತಿರಲಿಲ್ಲ.

ನಮ್ಮ ಕಾನೂನು ಇಲ್ಲಿ ಮನಸ್ಸನ್ನು ಕೇಳುವುದೇ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ವಿವರಣೆ ಕೊಟ್ಟು ಮಾರಿದರೆ ಸರಕು ವಿವರಣೆಗೆ ಹೊಂದಬೇಕು. ಮಾರಿದವನು ನಂಬಿ ಬರೆದನೋ ನಂಬಿಸಲು ಬರೆದನೋ ಎಂಬ ವಿಚಾರಣೆ ಅಲ್ಲಿಲ್ಲ. ಮೊದಲ ಬಾರಿ ಓದಿದಾಗ ಇದು ಒರಟು ಎನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಮೇಷ್ಟ್ರು ಹೇಳಿದ್ದೂ ಅದನ್ನೇ ಅಲ್ಲವೇ? ನಿಮ್ಮ ಮನಸ್ಸು ನಿಮ್ಮಲ್ಲೇ ಇರಲಿ, ಡಯಲ್ ವಿಷಯ ಹೇಳಿ.

ನಮ್ಮ ಹಳೆಯ ಶಾಸ್ತ್ರಗಳಲ್ಲಿ ಇದಕ್ಕೊಂದು ಹೆಸರೇ ಇದೆ ಎಂದು ತಿಳಿದಾಗ ಆಶ್ಚರ್ಯವಾಯಿತು: ಕ್ರಯವಿಕ್ರಯಾನುಶಯ. ಕೊಂಡ ಮೇಲೆ ಅಥವಾ ಮಾರಿದ ಮೇಲೆ ಆಗುವ ಅನುಶಯ, ಪಶ್ಚಾತ್ತಾಪ. ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ನ್ಯಾಯಕ್ಕೆ ಬರುವ ವ್ಯಾಜ್ಯದ ಬಗೆಗಳಲ್ಲಿ, ಇದೂ ಒಂದು. ಮನುಸ್ಮೃತಿ ಹತ್ತು ದಿನ ಕೊಡುತ್ತದೆ. ಅಷ್ಟರೊಳಗೆ ಕೊಂಡವನು ಹಿಂದಿರುಗಿಸಬಹುದು, ಮಾರಿದವನೂ ಹಿಂದಕ್ಕೆ ಕೇಳಬಹುದು. ಕೌಟಿಲ್ಯ ಆಳಿಗೆ ತಕ್ಕ ಗಡುವು ಇಡುತ್ತಾನೆ: ವ್ಯಾಪಾರಿಗೆ ಒಂದು ರಾತ್ರಿ, ರೈತನಿಗೆ ಮೂರು, ದನಗಾಹಿಗೆ ಐದು. ದಿನವಿಡೀ ಸರಕು ನೋಡುವವನಿಗೆ ಒಂದು ರಾತ್ರಿ ಸಾಕು, ಹೊಲದಲ್ಲಿರುವವನಿಗೆ ಸಾಲದು ಎಂಬ ಲೆಕ್ಕ ಇರಬೇಕು ಎಂದು ನಾನು ಊಹಿಸುತ್ತೇನೆ. ಯಾಜ್ಞವಲ್ಕ್ಯ ಸ್ಮೃತಿ ಸರಕಿಗೆ ತಕ್ಕ ಗಡುವು ಹೇಳುತ್ತದೆ: ಕಬ್ಬಿಣಕ್ಕೆ ಒಂದು ದಿನ, ಹಾಲು ಕರೆಯುವ ಹಸುವಿಗೆ ಮೂರು, ಹೊರೆ ಹೊರುವ ಪಶುವಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. (ಅದೇ ಪಟ್ಟಿಯಲ್ಲಿ ಮನುಷ್ಯರೂ ಇದ್ದಾರೆ, ಹೆಂಗಸಿಗೆ ಒಂದು ತಿಂಗಳು, ಗಂಡಸಿಗೆ ಅರ್ಧ ತಿಂಗಳು ಎಂದು. ಆ ಸಾಲನ್ನು ದಾಟಿ ಮುಂದೆ ಹೋಗಿ ಹಳೆಯದನ್ನು ಹೊಗಳುವುದು ಸರಿಯಲ್ಲ.) ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ.

ನನಗೆ ಹಿಡಿಸಿದ್ದು ‘ಅನುಶಯ’ ಎಂಬ ಆಯ್ಕೆ. ಇಂದಿನ ತಾಣಗಳು ಕೇಳುವುದು ಕಾರಣ: ಒಡೆದಿದೆಯೇ, ಬೇರೆಯದು ಬಂದಿದೆಯೇ, ವಿವರಣೆಗೆ ಹೊಂದುವುದಿಲ್ಲವೇ, ಒಂದಕ್ಕೆ ಗುರುತು ಹಾಕಿ. ಸುಮ್ಮನೆ ಪಶ್ಚಾತ್ತಾಪವಾಗಿದೆ ಎನ್ನಲು ಹರಾಜಿನಲ್ಲಿ ಖಾನೆಯೇ ಇರುವುದಿಲ್ಲ. ಆದ್ದರಿಂದ ಪಶ್ಚಾತ್ತಾಪವಾದವನು ಸುಳ್ಳು ಕಾರಣ ಹುಡುಕುತ್ತಾನೆ. ರಾತ್ರಿ ಒಂದು ಗಂಟೆಗೆ ಕೂಗಿದವನು ಬೆಳಿಗ್ಗೆ ‘ಮಗು ಒತ್ತಿಬಿಟ್ಟಿತು’ ಎನ್ನುತ್ತಾನೆ. ಎಷ್ಟು ಮನೆಗಳಲ್ಲಿ ಮಗು ಎಷ್ಟು ಗಡಿಯಾರಗಳಿಗೆ ಬೆಲೆ ಕೂಗಿದೆಯೋ!

ಹಾಗೆ ನೋಡಿದರೆ ಹರಾಜಿನಲ್ಲಿ ಪಶ್ಚಾತ್ತಾಪ ಆಕಸ್ಮಿಕವಲ್ಲ, ಅದರ ರಚನೆಯಲ್ಲೇ ಇದೆ. 1971ರಲ್ಲಿ ಮೂವರು ಎಂಜಿನಿಯರುಗಳು ಅಮೆರಿಕದ ಕಡಲ ತೈಲದ ಗುತ್ತಿಗೆ ಹರಾಜುಗಳನ್ನು ನೋಡಿ ಒಂದು ಮಾತು ಹೇಳಿದರು. ತಳದಲ್ಲಿ ಎಷ್ಟು ಎಣ್ಣೆ ಇದೆ ಎಂದು ಎಲ್ಲರೂ ಅಂದಾಜು ಮಾಡುವಾಗ ಹರಾಜು ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನೇ ಆಗಿರುತ್ತಾನೆ. ಆದ್ದರಿಂದ ಗೆದ್ದವನೇ ಸೋತಿರುವ ಸಂಭವ ಹೆಚ್ಚು. ಅರ್ಥಶಾಸ್ತ್ರಜ್ಞರು ಇದನ್ನು ಗೆದ್ದವನ ಶಾಪ ಎನ್ನುತ್ತಾರೆ. ಗಡಿಯಾರದಲ್ಲೂ ಹಾಗೆಯೇ. ಹದಿನಾಲ್ಕು ಜನ ನನ್ನ ಪೈಲಟ್ ನೋಡಿದ್ದರು. ಅನುಮಾನ ಬಂದವರು ಬೇಗ ಬಿಟ್ಟರು. ನನ್ನ ‘ಒರಿಜಿನಲ್’ ಎಂಬ ಪದವನ್ನು ಎಲ್ಲರಿಗಿಂತ ಹೆಚ್ಚು ನಂಬಿದವರಿಗೆ ಗಡಿಯಾರ ಸಿಕ್ಕಿತು. ಅಂಗಡಿಯಲ್ಲಿ ಬೆಲೆ ನಾನು ಹಾಕುತ್ತೇನೆ. ಹರಾಜಿನಲ್ಲಿ ಕೊಳ್ಳುವವರ ನಂಬಿಕೆಯೇ ಬೆಲೆಯಾಗುತ್ತದೆ. ಎಲ್ಲರಲ್ಲೂ ಹೆಚ್ಚು ನಂಬಿದವರಿಗೇ ನಾನು ಲೆಟರ್‌ಹೆಡ್ ತನ್ನಿ ಎಂದದ್ದು.

ನನ್ನಂತೆಯೇ ಹಳೆಯ ಪೆನ್ನು ಮಾರುವ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ಒಪ್ಪಲಿಲ್ಲ. “ನೀನೂ ಮೋಸ ಹೋದವನೇ. ಬಜಾರಿನವನು ನಿನಗೆ ಹಾಕಿದ ಟೋಪಿಗೆ ನೀನು ಯಾಕೆ ದಂಡ ಕಟ್ಟಬೇಕು? ಗೆದ್ದ ಕೇಸಿನಲ್ಲಿ ದುಡ್ಡು ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ. ಮಷಿನು ಬದಲಾಯಿಸುವವರಿಗೆ ದಾರಿ ಮಾಡಿಕೊಟ್ಟ ಹಾಗೆ,” ಎಂದ. ಎರಡನೆಯ ಮಾತಿನಲ್ಲಿ ತೂಕವಿದೆ. ಸಾಕ್ಷಿ ಇಲ್ಲದೆ ಹಣ ಕೊಡುತ್ತ ಹೋದರೆ ಕಳ್ಳರಿಗೆ ಹಬ್ಬ. ಆದರೆ ಸಾಕ್ಷಿ ಬೇಕಾಗುವುದು ಗೊತ್ತಿಲ್ಲದವರಿಗೆ. ತಾಣದವರಿಗೆ ಗೊತ್ತಿರಲಿಲ್ಲ, ಅವರು ಸಾಕ್ಷಿ ಕೇಳಿದರು. ನನಗೆ ಈಗ ಗೊತ್ತು.

ಮೊದಲನೆಯ ಮಾತು ನನ್ನನ್ನು ಹೆಚ್ಚು ದಿನ ಕಾಡಿತು. ನಿಜಕ್ಕೂ ಬಜಾರಿನವನು ನನಗೆ ಮೋಸ ಮಾಡಿದನೇ? ಅಂದು ನಡೆದದ್ದನ್ನು ನೆನಪು ಮಾಡಿಕೊಂಡೆ. ಅವನು ಗಡಿಯಾರಕ್ಕೆ ಕೀ ಕೊಟ್ಟು, ನನ್ನ ಕಿವಿಗೆ ಹಿಡಿದು, “ಚಾಲೂ ಹೈ, ಸಾತ್ ಸೌ” ಎಂದ. ಅಷ್ಟೇ. ಒರಿಜಿನಲ್ ಎಂದು ಅವನು ಹೇಳಲೇ ಇಲ್ಲ. ನಾನು ಕೇಳಲೂ ಇಲ್ಲ. ಆ ಪದ ನನ್ನದು. ಪದವಿಲ್ಲದ ಗಡಿಯಾರವನ್ನು ಏಳು ನೂರಕ್ಕೆ ಕೊಂಡೆ. ಸರ್ವಿಸ್‌ಗೆ ಮುನ್ನೂರೈವತ್ತು ಆಯಿತು. ಪದ ಸೇರಿಸಿದ ಗಡಿಯಾರವನ್ನು ಮೂರು ಸಾವಿರದ ನೂರೈವತ್ತಕ್ಕೆ ಮಾರಿದೆ. ನಡುವೆ ಗಡಿಯಾರಕ್ಕೆ ಬೇರೇನೂ ಆಗಿರಲಿಲ್ಲ. ಅಂದರೆ ಎರಡು ಸಾವಿರದಷ್ಟು ಹಣಕ್ಕೆ ನಾನು ಮಾರಿದ್ದು ಒಂದು ಪದವನ್ನು, ಅದೂ ಪರೀಕ್ಷೆ ಮಾಡದ ಪದವನ್ನು. ಕಾಕಾ ಬಳಿ ಮಷಿನಿಗೆ ಎಣ್ಣೆ ಹಾಕಿಸಲು ಹೋಗಿದ್ದೆನಲ್ಲ, ಅಂದೇ ಡಯಲ್ ನೋಡಿ ಎಂದು ಕೇಳಲು ಅರ್ಧ ನಿಮಿಷ ಬೇಕಿತ್ತು. ಕೇಳಲಿಲ್ಲ. ಬೇಡದ ಉತ್ತರ ಬಂದರೆ ಎಂದು ಹೆದರಿ ಕೇಳಲಿಲ್ಲವೋ, ತೋಚಲೇ ಇಲ್ಲವೋ, ಈಗ ಪ್ರಾಮಾಣಿಕವಾಗಿ ಹೇಳಲಾರೆ. ಗೊತ್ತಿರಲಿಲ್ಲ ಎಂಬ ನನ್ನ ರಕ್ಷಣೆಗೆ ಅಲ್ಲಿಂದಾಚೆಗೆ ಹೆಚ್ಚು ಬಲ ಉಳಿಯಲಿಲ್ಲ.

ಈಬೇಯ ಹುಟ್ಟಿನ ಬಗ್ಗೆ ಒಂದು ಪ್ರಸಿದ್ಧ ಕತೆ ಇದೆ. 1995ರಲ್ಲಿ ಪಿಯೆರ್ ಒಮಿಡ್ಯಾರ್ ತನ್ನ ಹೊಸ ತಾಣದಲ್ಲಿ ಕೆಟ್ಟುಹೋದ ಲೇಸರ್ ಪಾಯಿಂಟರ್ ಒಂದನ್ನು ಹರಾಜಿಗಿಟ್ಟ. 14.83 ಡಾಲರಿಗೆ ಹೋಯಿತು. ಅದು ಕೆಟ್ಟಿದೆ ಎಂದು ಗೊತ್ತಲ್ಲ ಎಂದು ಅವನೇ ಕೊಂಡವನಿಗೆ ಬರೆದು ಕೇಳಿದ. ತಾನು ಕೆಟ್ಟ ಪಾಯಿಂಟರುಗಳನ್ನೇ ಸಂಗ್ರಹಿಸುವವನು ಎಂದು ಉತ್ತರ ಬಂತು. ಈ ಕತೆಯನ್ನು ಎಂಥ ವಸ್ತುವಿಗೂ ಗಿರಾಕಿ ಸಿಗುತ್ತಾರೆ ಎನ್ನಲು ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಮಾರಿದವನ ಪ್ರಶ್ನೆ. ಹಣ ಬರುವುದು ಖಚಿತವಾದ ಮೇಲೆ ಕೇಳಿದ ಪ್ರಶ್ನೆ ಅದು.

ಆಮೇಲೆ ಆ ಕೆಲಸವನ್ನು ನಕ್ಷತ್ರಗಳಿಗೆ ವಹಿಸಿದರು. ಮೊದಲು ಕೊಳ್ಳುವವರೂ ಮಾರುವವರೂ ಒಬ್ಬರ ಮೇಲೊಬ್ಬರು ಅಭಿಪ್ರಾಯ ಬರೆಯಬಹುದಿತ್ತು. ನೀನು ಕೆಟ್ಟದ್ದು ಬರೆದರೆ ನಾನೂ ಬರೆಯುತ್ತೇನೆ ಎಂಬ ಹೆದರಿಕೆಯಿಂದ ಕೊಂಡವರು ಸುಮ್ಮನಾಗುತ್ತಿದ್ದರು. 2008ರಲ್ಲಿ ಈಬೇ, ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವುದನ್ನೇ ನಿಲ್ಲಿಸಿತು. ಮಾರುವವರು ಕೂಗಾಡಿದರು. ಭಾರತದಲ್ಲಿ ಬಾಜೀ ಎಂಬ ತಾಣವನ್ನು ಈಬೇ 2004ರಲ್ಲಿ ಕೊಂಡಿತು, 2018ರಲ್ಲಿ ಇಲ್ಲಿನ ಅಂಗಡಿ ಮುಚ್ಚಿತು. ಈಗ ಹಳೆಯ ಸಾಮಾನಿನ ಹರಾಜು ಸಣ್ಣ ತಾಣಗಳಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಚದುರಿಹೋಗಿದೆ. ಗುಂಪುಗಳಲ್ಲಿ ತಕರಾರು ಕೇಳುವವರೇ ಇಲ್ಲ. ಅಡ್ಮಿನ್ ಮನಸ್ಸು ಮಾಡಿದರೆ ಗುಂಪಿನಿಂದ ತೆಗೆದುಹಾಕಬಹುದು, ಅಷ್ಟೇ.

ಮೇಷ್ಟ್ರಿಗೆ ಬರೆದೆ. ನೀವು ಹೇಳಿದ್ದು ಸರಿ, ಗಡಿಯಾರ ಕಳಿಸಿದರೆ ಪೂರ್ತಿ ಹಣ ಕೊಡುತ್ತೇನೆ, ಅಂಚೆಯ ಖರ್ಚೂ ನನ್ನದು, ಇಟ್ಟುಕೊಳ್ಳುವುದಾದರೆ ವ್ಯತ್ಯಾಸ ಕೊಡುತ್ತೇನೆ ಎಂದೆ. ಲೆಟರ್‌ಹೆಡ್‌ನ ಸೂಚನೆ ನನ್ನದೇ ಎಂಬುದನ್ನೂ ಬರೆದೆ. ಅದನ್ನು ಬರೆಯಲು ಎರಡು ದಿನ ಹಿಡಿಯಿತು. ನಾಲ್ಕು ದಿನ ಉತ್ತರ ಬರಲಿಲ್ಲ. ಆಮೇಲೆ ಬಂತು: “ಕಟ್ಟಿ ಅಭ್ಯಾಸವಾಗಿದೆ ಸರ್, ಇರಲಿ. ವ್ಯತ್ಯಾಸ ಎಷ್ಟು ಅಂತ ನೀವೇ ಹೇಳಿ.”

ವ್ಯತ್ಯಾಸ ಎಷ್ಟು? ರೀಡಯಲ್ ಪೈಲಟ್‌ಗೆ ಆಗ ಹರಾಜಿನಲ್ಲಿ ಸಾವಿರದಿಂದ ಸಾವಿರದ ಇನ್ನೂರು ಬರುತ್ತಿತ್ತು. ಆದರೆ ಆ ಬೆಲೆಗೆ ಅವರು ಕೊಳ್ಳುತ್ತಲೇ ಇರಲಿಲ್ಲವಲ್ಲ. ಅವರಿಗೆ ಬೇಕಿದ್ದದ್ದೇ ಬೇರೆ. ನಾನು ಕಳೆದದ್ದನ್ನು ಹಣದಲ್ಲಿ ಲೆಕ್ಕ ಹಾಕಬಹುದು, ಅವರು ಕಳೆದದ್ದನ್ನು ಹೇಗೆ? ಕೊನೆಗೆ 1,950 ಕಳಿಸಿದೆ. ಅರ್ಧ ಗಂಟೆಯಲ್ಲಿ ಅದರಿಂದ 350 ವಾಪಸು ಬಂತು. ಸರ್ವಿಸ್ ಚೆನ್ನಾಗಿ ಮಾಡಿಸಿದ್ದೀರಿ, ದಿನಕ್ಕೆ ಅರ್ಧ ನಿಮಿಷ ಕೂಡ ಹಿಂದೆ ಬೀಳುವುದಿಲ್ಲ, ಅದರ ಹಣ ನಿಮಗೆ ಸೇರಬೇಕು ಎಂದು ಬರೆದಿದ್ದರು. ಸರ್ವಿಸ್ ಬಿಲ್ಲನ್ನು ನಾನೇ ಹಿಂದೆ ಸಾಕ್ಷಿಯಾಗಿ ಕಳಿಸಿದ್ದೆ; ಅಂಕಿ ನೆನಪಿಟ್ಟಿದ್ದರು. ಮೇಷ್ಟ್ರ ಲೆಕ್ಕ.

ಅಳಿಸಿಹಾಕಿದ ಅವರ ಒಂದು ನಕ್ಷತ್ರವನ್ನು ಮತ್ತೆ ಹಾಕಿ ಎಂದು ತಾಣದವರಿಗೆ ಬರೆದೆ. ಅಂಥ ವ್ಯವಸ್ಥೆ ಇಲ್ಲ ಎಂದು ಉತ್ತರ ಬಂತು.

ಈಗ ಕಾಕಾಗೆ ತೋರಿಸದೆ ಯಾವುದನ್ನೂ ಇಡುವುದಿಲ್ಲ. ಅವರೂ ಖಚಿತವಾಗಿ ಹೇಳದಿದ್ದರೆ ‘ಡಯಲ್ ಮೂಲದ್ದೇ ಎಂದು ಹೇಳಲಾರೆ’ ಎಂದು ಬರೆಯುತ್ತೇನೆ. ಬೆಲೆ ಬರುವುದಿಲ್ಲ. ಕಳೆದ ತಿಂಗಳು ಹಾಗೆ ಬರೆದ ಒಂದು ಸೋನಾ 900ಕ್ಕೆ ಹೋಯಿತು. ಕೊಂಡವರು ಪುಣೆಯವರು. ವಾರದ ಮೇಲೆ ಸಂದೇಶ ಬಂತು: ತಿಳಿದವರಿಗೆ ತೋರಿಸಿದೆ, ಡಯಲ್ ಒರಿಜಿನಲ್ಲೇ ಅಂತೆ, ತುಂಬ ಥ್ಯಾಂಕ್ಸ್. ಸಂತೋಷ ಎಂದು ಉತ್ತರಿಸಿದೆ. ಆಮೇಲೆ ದಿನ ಎಣಿಸಿದೆ. ಮನುವಿನ ಹತ್ತು ದಿನದಲ್ಲಿ ಇನ್ನೂ ಮೂರು ಬಾಕಿ ಇತ್ತು.